ಒಣ ವಿಷಯ

ನಮ್ಮ ಭಾಷೆಯಲ್ಲಿ ‘ಒಣ’ ಎಂಬ ಮಾತಿಗೆ ಮರ್ಯಾದೆ ಕಡಿಮೆ. ಕೆಲಸಕ್ಕೆ ಬಾರದ ಮಾತು ಒಣ ಮಾತು. ಕಾಸಿಲ್ಲದವನ ಜಂಭ ಒಣ ಜಂಭ. ರಸವಿಲ್ಲದ ವಿದ್ವತ್ತು ಒಣ ಪಾಂಡಿತ್ಯ. ಕಡೆಯದನ್ನು ನಾನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಆ ಬಾಣದ ಗುರಿ ಎತ್ತ ಎಂಬುದು ಗೊತ್ತು. ಹಾಗೆಂದು ‘ಹಸಿ’ಗೂ ದೊಡ್ಡ ಬಿರುದೇನಿಲ್ಲ, ಸುಳ್ಳಿನಲ್ಲೆಲ್ಲ ದೊಡ್ಡದು ಹಸಿ ಸುಳ್ಳು. ಈ ಎರಡು ಮಾತುಗಳ ನಡುವೆ ನ್ಯಾಯ ಹೇಳುವ ಪ್ರಸಂಗ ಈಚೆಗೆ ನನ್ನ ಪಾಲಿಗೆ ಬಂತು. ಬಂದದ್ದು ತರಗತಿಯಲ್ಲಲ್ಲ, ನಮ್ಮ ಸರಸ್ವತಿಪುರದ ಒಂದು ರೇಡಿಯಂ ಅಂಗಡಿಯ ಮುಂದೆ.

ರೇಡಿಯಂ ಅಂಗಡಿ ಎಂದರೆ ವಾಹನಗಳಿಗೆ ಅಕ್ಷರ, ಚಿತ್ರ ಅಂಟಿಸುವ ಅಂಗಡಿ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ಅಲ್ಲಿ ಎಳ್ಳಷ್ಟೂ ಇಲ್ಲ. ಒಂದು ಕಾಲಕ್ಕೆ ಕತ್ತಲಲ್ಲಿ ಹೊಳೆಯಲೆಂದು ಗಡಿಯಾರದ ಅಂಕೆಗಳಿಗೆ ಅದನ್ನು ಬಳಿಯುತ್ತಿದ್ದರು. ಹೊಳೆಯುವುದಕ್ಕೆಲ್ಲ ಆ ಹೆಸರು ಹೀಗೆ ಅಂಟಿಕೊಂಡಿರಬೇಕು. ಈಗಿರುವುದು ವಿನೈಲ್ ಹಾಳೆ, ಹಿಂಬದಿಗೆ ಅಂಟು. ಸರಕಿನ ವಾಹನಗಳ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಪಟ್ಟಿಗಳನ್ನು ನೀವು ನೋಡಿರುತ್ತೀರಿ. ಕಗ್ಗತ್ತಲಲ್ಲಿ ಕೆಟ್ಟು ನಿಂತ ಲಾರಿ, ಹಿಂದಿನಿಂದ ಬರುವ ಸ್ಕೂಟರಿನವನ ಕಣ್ಣಿಗೆ ಬೀಳುವುದು ಆ ಕೆಂಪು ಪಟ್ಟಿಯಿಂದ. ಆದ್ದರಿಂದ ಅಂಟಿದ್ದು ಅಂಟಿಯೇ ಇರಬೇಕೆಂಬುದು ಬರಿಯ ಅಲಂಕಾರದ ಮಾತಲ್ಲ.

ಅಂಗಡಿಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಬಿ.ಎ. ಮುಗಿಸಿ, ಕೆಲಸಕ್ಕಾಗಿ ಎರಡು ವರ್ಷ ಅಲೆದು, ಕೊನೆಗೆ ಅಕ್ಷರ ಕತ್ತರಿಸುವ ಪ್ಲಾಟರ್ ಯಂತ್ರವೊಂದನ್ನು ಸಾಲದಲ್ಲಿ ತಂದು ಕೂತ. ಅವನ ತಂದೆ ಬೋರ್ಡು ಬರೆಯುವ ಪೇಂಟರು. ನಲವತ್ತು ವರ್ಷ ಲಾರಿ, ಬಸ್ಸು, ಅಂಗಡಿಯ ಹಲಗೆಗಳ ಮೇಲೆ ಬ್ರಷ್ ಆಡಿಸಿದವರು. ಈಗ ಕೈ ನಡುಗುತ್ತದೆ. ಬ್ರಷ್ಷುಗಳು ಡಬ್ಬಿಯಲ್ಲಿ ನಿಂತಲ್ಲೇ ಒಣಗಿವೆ. ಆದರೂ ದಿನವೂ ಬರುತ್ತಾರೆ, ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಮಿಡಿದು ಗೆರೆ ಹಾಕಿಕೊಡುತ್ತಾರೆ. ಕತ್ತರಿಸುವ ಮೊದಲು ಮಗ ಮಾತುಗಳನ್ನು ನನ್ನ ಫೋನಿಗೆ ಕಳಿಸುತ್ತಾನೆ. ನಾನು ಕಾಗುಣಿತ ನೋಡಿ ಹಿಂದಿರುಗಿಸುತ್ತೇನೆ. ಹೀಗೆ ಒಂದು ಲೆಕ್ಕದಲ್ಲಿ ಮೂವರೂ ಪಾಲುದಾರರು. ಲಾಭ ಅವರದು, ಕಾಫಿ ನನ್ನದು.

ಆ ದಿನ ನಿಂತಿದ್ದುದು ಎಣ್ಣೆ ಮಾರುವವರ ಒಂದು ಸಣ್ಣ ವ್ಯಾನು. ಪಕ್ಕಕ್ಕೆ ‘ಶುದ್ಧ ಮರದ ಗಾಣದ ಎಣ್ಣೆ’ ಎಂದು ಅಕ್ಷರ, ಹಿಂಬಾಗಿಲಿಗೆ ಒಂದು ದೊಡ್ಡ ಕಡಲೆಕಾಯಿಯ ಚಿತ್ರ. ನಾನು ಹೋಗುವ ಹೊತ್ತಿಗೆ ತಂದೆ ಮಕ್ಕಳ ವ್ಯಾಜ್ಯ ಕಾವೇರಿತ್ತು.

“ನೀವೇ ಹೇಳಿ ಸಾರ್,” ಎಂದರು ಹಿರಿಯರು. “ಸೋಪಿನ ನೀರು ಚಿಮುಕಿಸಿಕೊಂಡರೆ ಹಾಳೆ ತೇಲುತ್ತೆ. ಒಂದು ಬೆರಳು ಆ ಕಡೆ, ಒಂದು ಬೆರಳು ಈ ಕಡೆ, ನಿಧಾನವಾಗಿ ಸರಿಸ್ಕೋಬಹುದು. ಇವನಿಗೆ ಅವಸರ. ನೀರೇ ಬೇಡ ಅಂತಾನೆ.”

“ಹಾಕೋದು ಸರಿ ಅಪ್ಪಾ, ಹಾಕಿದ ನೀರು ಹೋಗೋದು ಎಲ್ಲಿಂದ?” ಎಂದ ಮಗ.

ಇಬ್ಬರ ಮಾತೂ ನಿಜ. ಈ ಅಂಟು ಕೆಲಸ ಮಾಡುವುದು ಒತ್ತಡದಿಂದ. ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ಎಳೆದಾಗ ಅದು ಬಣ್ಣದ ಮೈಯ ಸಣ್ಣಸಣ್ಣ ತಗ್ಗುಗಳಿಗೆ ಇಳಿಯುತ್ತದೆ. ಪೂರ್ತಿ ಹಿಡಿತಕ್ಕೆ ಒಂದು ದಿನವಾದರೂ ಬೇಕು. ನಡುವೆ ನೀರಿದ್ದರೆ ಅಂಟು ಮೈಗೆ ತಾಗುವುದಿಲ್ಲ. ಅದೇ ನೀರಿನ ಉಪಕಾರ, ಅದೇ ಅಪಕಾರ. ಕೂರಿಸಿದ ಜಾಗ ಸರಿಯಾಯಿತೋ, ನೀರನ್ನು ನಡುವಿನಿಂದ ಅಂಚಿಗೆ ಒತ್ತಿ ಹೊರಗಟ್ಟಬೇಕು. ಗಾಜಿನಂಥ ಸಮತಟ್ಟಾದ ಕಡೆ ಅದು ಸುಲಭ. ಏಣುಗೆರೆ, ರಿವೆಟ್ಟುಗಳಿರುವ ಕಡೆ ನೀರು ಮೂಲೆಯಲ್ಲಿ ಅವಿತು ಕೂರುತ್ತದೆ. ಬಿಸಿಲೇರಿದಾಗ ಗುಳ್ಳೆಯಾಗಿ ಏಳುತ್ತದೆ. ಸೋಪು ಹೆಚ್ಚಾದರೆ ಅಂಟಿನ ಶಕ್ತಿಯೇ ಹೋಗುತ್ತದೆ. ಈಗಿನ ಕೆಲವು ಒಳ್ಳೆಯ ಹಾಳೆಗಳ ಅಂಟಿನಲ್ಲಂತೂ ಗಾಳಿ ಹೊರಹೋಗಲೆಂದೇ ಕಣ್ಣಿಗೆ ಕಾಣದ ಕಾಲುವೆಗಳಿವೆ. ಅಂಥದಕ್ಕೆ ನೀರು ಬಿಟ್ಟರೆ ಕಾಲುವೆಯೇ ಕಟ್ಟಿಕೊಳ್ಳುತ್ತದೆ. ಅವನ್ನು ಒಣಗಿನಲ್ಲೇ ಅಂಟಿಸಬೇಕು.

ಹಾಳೆಯಲ್ಲೂ ಎರಡು ಜಾತಿ. ನನಗೆ ತಿಳಿಯಲೆಂದು ಶಿಷ್ಯ ಅಡುಗೆಮನೆಯ ಉಪಮಾನ ಕೊಟ್ಟ. ಒಂದು, ಚಪಾತಿಯ ಹಾಗೆ ಉರುಳೆಗಳ ನಡುವೆ ಲಟ್ಟಿಸಿದ್ದು. ಎಳೆದು ಲಟ್ಟಿಸಿದ ಚಪಾತಿ ಕೈಬಿಟ್ಟರೆ ಮುದುರಿಕೊಳ್ಳುವುದಿಲ್ಲವೆ? ಇದೂ ಹಾಗೆಯೇ, ಕ್ರಮೇಣ ಕುಗ್ಗುತ್ತದೆ, ಅಂಚು ಬಿಡುತ್ತದೆ. ಇನ್ನೊಂದು, ದೋಸೆಯ ಹಾಗೆ ದ್ರವವನ್ನು ಹುಯ್ದು ಒಣಗಿಸಿದ್ದು. ಯಾರೂ ಎಳೆದಿಲ್ಲವಾಗಿ ಅದಕ್ಕೆ ಹಿಂದಿರುಗುವ ಹಟವಿಲ್ಲ. ಸುಮಾರು 50 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಬಿಸಿಗಾಳಿ ಕೊಟ್ಟರೆ ರಿವೆಟ್ಟಿನ ತಲೆಯ ಮೇಲೂ ಚರ್ಮದಂತೆ ಕೂರುತ್ತದೆ. ಬೆಲೆ ಹೆಚ್ಚು, ಗಿರಾಕಿ ಮಾತ್ರ ದೋಸೆಯನ್ನು ಚಪಾತಿಯ ಬೆಲೆಗೇ ಕೇಳುತ್ತಾನೆ.

ಇಷ್ಟು ಲೋಕಕ್ಕೆಲ್ಲ ಅನ್ವಯಿಸುವ ಶಾಸ್ತ್ರ. ನನ್ನ ಕಿವಿ ನೆಟ್ಟಗಾದದ್ದು ಶಿಷ್ಯ ಆಮೇಲೆ ಹೇಳಿದ ಮಾತಿಗೆ. “ಇಂಗ್ಲಿಷ್ ಅಕ್ಷರ ಬಹುಮಟ್ಟಿಗೆ ಒಂದೊಂದೇ ತುಂಡು ಸಾರ್. ನಮ್ಮದು ಹಾಗಲ್ಲ. ಒತ್ತು ಬೇರೆ, ದೀರ್ಘ ಬೇರೆ, ಸೊನ್ನೆ ಬೇರೆ. ಒದ್ದೆ ಇರುವಾಗ ಮೇಲಿನ ಕಾಗದ ಎತ್ತಿದರೆ ಮೊದಲು ಅದರ ಜೊತೆ ಬರೋದೇ ಒತ್ತು.” ಕತ್ತರಿಸಿದ ಅಕ್ಷರಗಳನ್ನು ಸಾಲು ಕೆಡದಂತೆ ಒಂದು ಅಂಟುಕಾಗದದ ಮೇಲೆ ಹೊತ್ತು ತಂದು ವಾಹನಕ್ಕೆ ಒತ್ತುತ್ತಾರೆ, ಬಳಿಕ ಆ ಕಾಗದವನ್ನು ಬಿಡಿಸುತ್ತಾರೆ. ದೊಡ್ಡ ತುಂಡು ಮೈಗೆ ಹಿಡಿದು ನಿಲ್ಲುತ್ತದೆ. ಸಣ್ಣದಕ್ಕೆ ಹಿಡಿಯಲು ಜಾಗವೇ ಕಡಿಮೆ. ನಡುವೆ ಸೋಪುನೀರು ಬೇರೆ. ಅಂತೂ ನಿಂತ ಒತ್ತು ಕೂಡ ವ್ಯಾನು ತೊಳೆಯುವ ಬಟ್ಟೆಗೆ ಮೊದಲು ಸಿಕ್ಕುತ್ತದೆ. ‘ಎಣ್ಣೆ’ಯ ಒತ್ತು ಬಿದ್ದರೆ ಉಳಿಯುವುದು ‘ಎಣೆ’. ಎಣೆಯೆಂದರೆ ಸಮಾನ, ಜೋಡಿ. ಎಣೆಯಿಲ್ಲದ ಎಣ್ಣೆ ಮಾರಲು ಹೊರಟವರು ಎಣ್ಣೆಯಿಲ್ಲದ ಎಣೆ ಮಾರಿದಂತಾಗುತ್ತದೆ! ವರ್ಷಗಟ್ಟಲೆ ಒತ್ತಕ್ಷರದ ಮಹತ್ವವನ್ನು ಬೋಧಿಸುತ್ತ ಬಂದಿರುವ ನನಗೆ ಇಷ್ಟು ಒಳ್ಳೆಯ ಉದಾಹರಣೆ ಯಾವ ವ್ಯಾಕರಣದಲ್ಲೂ ಸಿಕ್ಕಿರಲಿಲ್ಲ.

ನ್ಯಾಯ ಹೇಳುವ ಕಷ್ಟ ನನಗೆ ಬರಲಿಲ್ಲ, ವಾಹನವೇ ಹೇಳಿತು. ಹಿಂಬಾಗಿಲು ಸಪಾಟು, ಕಡಲೆಕಾಯಿ ಒಂದೇ ತುಂಡು. ಅದು ತಂದೆಯ ನೀರಿಗೆ. ಪಕ್ಕದ ಮೈಗೆ ಏಣುಗೆರೆ, ಅಕ್ಷರಕ್ಕೆ ಒತ್ತು. ಅದು ಮಗನ ಒಣಗಿಗೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎಣ್ಣೆಯವರ ಗಾಡಿ, ಮುಟ್ಟಿದಲ್ಲೆಲ್ಲ ಜಿಡ್ಡು. ಮೊದಲು ಸೋಪು, ಆಮೇಲೆ ಸ್ಪಿರಿಟ್ಟು ಹಾಕಿ ಇಬ್ಬರೂ ಸೇರಿ ಒರಸಿದರು. ಜಿಡ್ಡಿನ ಮೇಲೆ ಹಸಿಯೂ ನಿಲ್ಲದು, ಒಣವೂ ನಿಲ್ಲದು.

ಮಗ ಅಕ್ಷರ ಕೂರಿಸುವುದನ್ನು ನಿಂತು ನೋಡಿದೆ. ಒಣಗಿನಲ್ಲಿ ಎರಡನೆಯ ಅವಕಾಶವಿಲ್ಲ, ತಾಗಿದ್ದು ತಾಗಿತು. ಆದರೂ ಅವನ ಕೈ ಹಿಂಜರಿಯಲಿಲ್ಲ. ಆ ಧೈರ್ಯ ಎಲ್ಲಿಯದೆಂದು ನೋಡಿದರೆ, ತಂದೆ ದಾರ ಮಿಡಿದು ಹಾಕಿದ ಬಿಳಿಯ ಗೆರೆ ಅಲ್ಲಿತ್ತು. ಅದಕ್ಕೆ ಸರಿಯಾಗಿ ಮೇಲಂಚನ್ನು ಟೇಪಿನಿಂದ ನಿಲ್ಲಿಸಿ, ಹಿಂದಿನ ಕಾಗದವನ್ನು ಇಷ್ಟಿಷ್ಟೇ ಬಿಡಿಸುತ್ತ ಒತ್ತುತ್ತ ಬಂದ. ನಲವತ್ತು ವರ್ಷ ಹಸಿ ಬಣ್ಣದಲ್ಲಿ ಪಳಗಿದ ಕಣ್ಣು ಅಳೆದುಕೊಟ್ಟದ್ದರಿಂದ ಮಗ ನೀರಿಲ್ಲದೆ ಕೆಲಸ ಮಾಡಬಲ್ಲವನಾಗಿದ್ದ. ‘ಒಣ’ ಎಂಬುದಕ್ಕೆ ನಮ್ಮ ಭಾಷೆ ಕೊಟ್ಟಿರುವ ಅರ್ಥವನ್ನು ಸ್ವಲ್ಪ ತಿದ್ದಬೇಕೆಂದು ನನಗೆ ಅಲ್ಲಿಯೇ ಅನ್ನಿಸಿತು.

ಕಾಫಿ ಕುಡಿಯುವಾಗ ಇನ್ನೊಂದು ಸಂಗತಿ ಹೊರಬಿತ್ತು. ಆ ವ್ಯಾನು ಕೈಬದಲಿನದು. ಹಿಂದಿನ ಮಾಲೀಕರ ಕಾಲದಲ್ಲಿ ಅದೇ ಪಕ್ಕಕ್ಕೆ ಈ ಪೇಂಟರೇ ಬ್ರಷ್ಷಿನಿಂದ ಹೆಸರು ಬರೆದಿದ್ದರು. ಇಷ್ಟು ತೆಳುವಾದ ಹಾಳೆಗೆ ಗುಟ್ಟು ಮುಚ್ಚಲು ಬರುವುದಿಲ್ಲ. ಕೆಳಗೆ ಬಣ್ಣದ ಏಣಿದ್ದರೆ ಓರೆಬಿಸಿಲಿಗೆ ಹಳೆಯ ಅಕ್ಷರ ಹೊಸದರ ಮೈಮೇಲೆ ಎದ್ದು ಕಾಣುತ್ತದೆ. ಹಿಂದಿನ ವಾರ ಮಗ ವಾಟರ್ ಪೇಪರ್ ಹಿಡಿದು ಅಪ್ಪನ ಅಕ್ಷರದ ಮುಂದೆ ಸುಮ್ಮನೆ ನಿಂತುಬಿಟ್ಟನಂತೆ.

“ಉಜ್ಜು ಅಂದೆ ಸಾರ್,” ಎಂದರು ಹಿರಿಯರು, ಲೋಟದ ಕಡೆ ನೋಡುತ್ತ. “ನಂದು ಉಳಿದರೆ ಅವನದು ನಿಲ್ಲಲ್ಲ. ಅವನು ಮಾಡಲಿಲ್ಲ. ಕಡೆಗೆ ನಾನೇ ನೀರು ಹಾಕ್ಕೊಂಡು ಉಜ್ಜಿದೆ.”

ಮಗ ಮಾತಾಡಲಿಲ್ಲ. ಎದ್ದು ಹೋಗಿ, ಆಗಲೇ ಸರಿಯಾಗಿ ಕೂತಿದ್ದ ಒತ್ತುಗಳನ್ನು ಹೆಬ್ಬೆರಳಿನಿಂದ ಮತ್ತೊಮ್ಮೆ ಒತ್ತತೊಡಗಿದ.

ಈಗ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಕಡೆ ತಿರುಗಾಡಲು ಹೋದಾಗ ಆ ವ್ಯಾನು ಒಮ್ಮೊಮ್ಮೆ ಎದುರಾಗುತ್ತದೆ. ಜೊತೆಯವರು ಕೆರೆಯ ಕೊಕ್ಕರೆ ನೋಡುತ್ತಾರೆ, ನಾನು ಒತ್ತು ನೋಡುತ್ತೇನೆ. ಒಂದು ಮಳೆಗಾಲ ಕಳೆದಿದೆ. ಎಣ್ಣೆ ಇನ್ನೂ ಎಣ್ಣೆಯಾಗಿಯೇ ಇದೆ.