ಕೂಗುವ ಬ್ರೇಕು

ನಮ್ಮ ಹಳೆಯ ಮಾರುತಿ ಜೆನ್ ಬ್ರೇಕು ಒತ್ತಿದಾಗಲೆಲ್ಲ ಕಿರುಗುಟ್ಟತೊಡಗಿ ತಿಂಗಳಾಗಿತ್ತು. ಕಿಟಕಿಯ ಗಾಜು ಏರಿಸಿಕೊಳ್ಳುವುದೇ ಅದಕ್ಕೆ ನಾನು ಕಂಡುಕೊಂಡ ಮದ್ದು.

ಅಲೀಪುರದಲ್ಲಿ ಒಂದು ಸಂಜೆ ಆ ಸದ್ದು ಕೇಳಿ ಮೆಕ್ಯಾನಿಕ್ಕೊಬ್ಬ ತಾನಾಗಿ ಕಾರು ನಿಲ್ಲಿಸಿದ. ನನ್ನ ಹಳೆಯ ವಿದ್ಯಾರ್ಥಿ. ಆ ಊರಿನ ಅನೇಕರಂತೆ ಹರಳು ಸಾಣೆ ಹಿಡಿಯುವ ಮನೆತನದವನು. ಗಲಾಟೆ ಮಾಡುತ್ತಾನೆಂದು ಅವನನ್ನು ಎಷ್ಟೋ ಸಲ ತರಗತಿಯ ಹೊರಗೆ ನಿಲ್ಲಿಸಿದ್ದೆ.

ಮುಂದಿನ ಚಕ್ರ ಬಿಚ್ಚಿ ಪ್ಯಾಡನ್ನು ನನ್ನ ಅಂಗೈಯಲ್ಲಿಟ್ಟ. ಉಜ್ಜುವ ಪದರ 2 ಮಿ.ಮೀ. ಉಳಿದಿತ್ತು. "ಈ ತಗಡು ನೋಡಿ ಸಾರ್. ಪ್ಯಾಡು ಸವೆದಾಗ ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಇಟ್ಟಿರೋದು. ಧೂಳು, ತೇವಕ್ಕೂ ಸದ್ದು ಬರುತ್ತೆ; ಬಿಚ್ಚಿ ನೋಡದೆ ಹೇಳೋಕಾಗಲ್ಲ. ಇನ್ನೂ ಬಿಟ್ಟಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬ್ರೇಕೇ ಹಿಡೀತಿರಲಿಲ್ಲ."

ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ತಿರುಗಿದ ದಿನಗಳು ನೆನಪಾಗಿ ಮೈ ನಡುಗಿತು.

ಎರಡೂ ಕಡೆ ಹೊಸ ಪ್ಯಾಡು ಹಾಕಿದ. ಕ್ಯಾಲಿಪರಿನ ಪಿನ್ನುಗಳನ್ನು ಒರೆಸಿ, ಅದಕ್ಕೆಂದೇ ಇರುವ ಗ್ರೀಸು ಸವರಿದ. ಡಿಸ್ಕಿಗೆ ಒಂದಿಷ್ಟೂ ತಾಗಗೊಡಲಿಲ್ಲ. ಕಾರು ಕದಲುವ ಮೊದಲು, ಪೆಡಲು ಗಟ್ಟಿಯಾಗುವವರೆಗೆ ನನ್ನಿಂದ ಒತ್ತಿಸಿದ. ಮೊದಲ 200 ಕಿಲೋಮೀಟರು ಹದವಾಗಿ ಬ್ರೇಕು ಹಾಕಬೇಕೆಂದು ಎಚ್ಚರಿಸಿದ.

ಹೊರಡುವಾಗ, ಅಂದು ತರಗತಿಯಲ್ಲಿ ಅಷ್ಟೇನು ಮಾತಾಡುತ್ತಿದ್ದೆಯೆಂದು ಮೊದಲ ಬಾರಿಗೆ ಕೇಳಿದೆ.

ಅವನು ನಕ್ಕ. "ಹಿಂದಿನ ಬೆಂಚಿಗೆ ಬೋರ್ಡು ಕಾಣ್ತಿರಲಿಲ್ಲ ಸಾರ್. ಏನು ಬರೆದಿದ್ದೀರಿ ಅಂತ ಪಕ್ಕದವನನ್ನ ಕೇಳ್ತಿದ್ದೆ."

ಮನೆಯವರೆಗೂ ಕಾರು ಸದ್ದಿಲ್ಲದೆ ಬಂತು. ಗಾಜು ಇಳಿಸಿಯೇ ಇದ್ದೆ.