ಅರಿವಳಿಕೆ: ಅಳಿಯುವುದು ಯಾವುದು?

ವೈದ್ಯಶಾಸ್ತ್ರದ ‘ಅನಸ್ತೇಸಿಯ’ಕ್ಕೆ ಕನ್ನಡದಲ್ಲಿ ಇಂದು ರೂಢವಾಗಿರುವ ಪದ ‘ಅರಿವಳಿಕೆ’. ಅರಿವು, ಅಳಿಕೆ ಎಂಬ ಎರಡು ಅಚ್ಚಗನ್ನಡ ಪದಗಳು ಲೋಪಸಂಧಿಯಿಂದ ಕೂಡಿ ಆದ ಸಮಾಸವಿದು. ರಚನೆ ನಿರ್ದುಷ್ಟವಾಗಿದೆ, ಅರ್ಥವನ್ನು ಒರೆಗೆ ಹಚ್ಚಿದಾಗ ಮಾತ್ರ ತೊಡಕು ಕಾಣುತ್ತದೆ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಶಸ್ತ್ರಚಿಕಿತ್ಸೆಗೆ ಈಥರ್ ಬಳಸಿ ತೋರಿಸಿದನು. ಮರುತಿಂಗಳು ವೈದ್ಯನೂ ಕವಿಯೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ ಆ ಸ್ಥಿತಿಗೆ ಗ್ರೀಕ್ ಮೂಲದ ಈ ಹೆಸರನ್ನು ಸೂಚಿಸಿದನು. ಅದರ ಅಕ್ಷರಾರ್ಥ ಸಂವೇದನೆ ಇಲ್ಲದಿರುವಿಕೆ. ಗ್ರೀಕ್ ಪದ ಅಭಾವವನ್ನು ಹೇಳುತ್ತದೆ. ಕನ್ನಡ ಪದ ನಾಶವನ್ನು ಹೇಳುತ್ತದೆ. ‘ಅಳಿವಿನಂಚು’, ‘ಅಳಿದುಳಿದ’ ಎನ್ನುವಾಗ ಅಳಿದದ್ದು ಮರಳುವುದಿಲ್ಲ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಹಿರಿಯರೊಬ್ಬರನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕರೆದೊಯ್ದಿದ್ದೆ. ಒಪ್ಪಿಗೆ ಪತ್ರದಲ್ಲಿದ್ದ ‘ಸ್ಥಳೀಯ ಅರಿವಳಿಕೆ’ಯನ್ನು ಓದಿ ಹೇಳಿದೊಡನೆ ಅವರು ಕೈ ಹಿಂದೆಗೆದರು: “ಅರಿವೇ ಅಳಿದ್ಮೇಲೆ ಕಣ್ಣು ಬಂದು ಏನ್ ಮಾಡ್ಲಪ್ಪ?” “ಕಣ್ಣಷ್ಟೇ ಮರಗಟ್ಟಿಸ್ತಾರೆ ಮಾವ, ನೀವು ಎಚ್ಚರವಾಗೇ ಇರ್ತೀರಿ” ಎಂದ ಬಳಿಕ ರುಜು ಹಾಕಿದರು.

ಅವರ ಪ್ರಶ್ನೆ ಶಾಸ್ತ್ರೀಯವಾಗಿಯೂ ಸರಿಯಾದುದೇ. ಲಿಗ್ನೊಕೇಯ್ನ್‌ನಂತಹ ಮದ್ದು ನರತಂತುವಿನ ಸೋಡಿಯಂ ನಾಳಗಳನ್ನು ತಡೆಯುತ್ತದೆ; ನೋವಿನ ಸುದ್ದಿ ಮಿದುಳನ್ನು ಮುಟ್ಟುವುದಿಲ್ಲ. ಅಲ್ಲಿ ಅರಿವು ಅಳಿಯುವುದೇ ಇಲ್ಲ. ಪೂರ್ಣ ಅರಿವಳಿಕೆಯಲ್ಲಿಯೂ ಮದ್ದಿನ ಪ್ರಭಾವ ಇಳಿದಂತೆ ಎಚ್ಚರ ಮರಳುತ್ತದೆ. ಆಡುಮಾತು ಈ ಭೇದವನ್ನು ಬಲ್ಲದು: ಒಂದು ‘ಮರಗಟ್ಟಿಸುವುದು’, ಇನ್ನೊಂದು ‘ಪ್ರಜ್ಞೆ ತಪ್ಪಿಸುವುದು’. ದಾರಿ ತಪ್ಪಿದವನು ಮರಳಿ ಬರಬಲ್ಲನು.

ಜೈನ ದರ್ಶನದಲ್ಲಿ ಜ್ಞಾನವು ಜೀವದ ಸ್ವಭಾವ. ಅದಕ್ಕೆ ನಾಶವಿಲ್ಲ, ಆವರಣವುಂಟು. ಕರ್ಮಸಿದ್ಧಾಂತವು ನಿದ್ರೆಯನ್ನೂ ದರ್ಶನಾವರಣೀಯ ಕರ್ಮದ ಭೇದಗಳಲ್ಲಿ ಎಣಿಸುತ್ತದೆ. ಮೋಡ ಕವಿದರೆ ಸೂರ್ಯನು ಅಳಿದನೆನ್ನುವುದಿಲ್ಲವಷ್ಟೆ. ಈ ನೋಟದಿಂದ ಮದ್ದು ಮಾಡುವುದು ಅರಿವಿನ ಮರೆಯೇ ಹೊರತು ಅಳಿವಲ್ಲ.

ರೂಢಿಗೆ ಬಂದ ಪದವನ್ನು ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಪಾರಿಭಾಷಿಕ ಪದ ವಿದ್ಯಾರ್ಥಿಗೆ ನಿಘಂಟಿನಲ್ಲಿ ಎದುರಾಗುತ್ತದೆ, ರೋಗಿಗೆ ಭಯದ ಗಳಿಗೆಯಲ್ಲಿ. ಒಪ್ಪಿಗೆ ಪತ್ರದಲ್ಲಿ ‘ಅರಿವಳಿಕೆ’ಯ ಪಕ್ಕಕ್ಕೆ ‘ಮರಗಟ್ಟಿಸುವ ಮದ್ದು’ ಎಂದು ಬರೆದರೆ ಶಾಸ್ತ್ರಕ್ಕೆ ಕುಂದಿಲ್ಲ. ರುಜು ಹಾಕುವವರಿಗೆ ತಾವು ಒಪ್ಪುತ್ತಿರುವುದು ಏನನ್ನೆಂಬುದು ತಿಳಿಯುತ್ತದೆ.