ಕುಳ್ಳಿನ ಮಂತ್ರ

ಕಾಲೇಜಿನ ದಿನಗಳಲ್ಲಿ ಶುರುಮಾಡಿ ಟ್ರಂಕಿನ ತಳಕ್ಕೆ ಸೇರಿಸಿದ್ದ ಮಾಯಾಲೋಕದ ಕಾದಂಬರಿಗೆ ಈಗ ಮತ್ತೆ ಕೈ ಹಚ್ಚಿದ್ದೇನೆ. ಅದರಲ್ಲಿ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅಂತ ಕೇಳಬೇಕು. ಹಿಮದ ಬೆಟ್ಟ, ಸ್ಫಟಿಕದ ಕೋಲು, ಗಡ್ಡ ಬಿಟ್ಟ ಮಾಂತ್ರಿಕ, ಎಲ್ಲ ಇದ್ದವು. ನಮ್ಮೂರು ಆಸ್ಪರಿಯ ಬಿಸಿಲಲ್ಲಿ ಕೂತು ಹಿಮ ಬರೆಯುವುದರಲ್ಲೂ ಒಂದು ಸುಖವಿದೆ, ಇಲ್ಲವೆನ್ನಲಾರೆ. ಮಾಂತ್ರಿಕ ಕೋಲೆತ್ತಿದರೆ ಕೋಟೆ ಉರುಳುತ್ತಿತ್ತು. ಅವನಿಗೆ ಸುಸ್ತೂ ಇಲ್ಲ, ಸಾಲವೂ ಇಲ್ಲ.

ಮಾಯೆಗೂ ಒಂದು ಕಟ್ಟಳೆ ಬೇಕಲ್ಲ. ಅಮೆರಿಕದ ಕಾದಂಬರಿಕಾರ ಬ್ರಾಂಡನ್ ಸ್ಯಾಂಡರ್ಸನ್ 2007ರಲ್ಲಿ ಇದನ್ನೇ ಸೂತ್ರ ಮಾಡಿದ: ಮಾಯೆ ಹೇಗೆ ನಡೆಯುತ್ತದೆಂದು ಓದುಗನಿಗೆ ಎಷ್ಟು ತಿಳಿದಿದೆಯೋ, ಅಷ್ಟರ ಮಟ್ಟಿಗೇ ಅದರಿಂದ ಕತೆಯ ಗಂಟು ಬಿಡಿಸಬಹುದು. ಚಂದಮಾಮ ಓದಿ ಬೆಳೆದವರಿಗೆ ಇದೇನು ಹೊಸದು? ಉತ್ತರ ಗೊತ್ತಿದ್ದೂ ಹೇಳದಿದ್ದರೆ ವಿಕ್ರಮನ ತಲೆ ಹೋಳು, ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಬೇತಾಳ ಯಾವ ಸೂತ್ರವನ್ನೂ ಓದಿರಲಿಲ್ಲ.

ಕಾದಂಬರಿಯಲ್ಲಿ ಮೊದಲು ಬದಲಾದದ್ದು ನಕಾಶೆ, ಹಿಮದ ಬೆಟ್ಟದ ಜಾಗಕ್ಕೆ ನಮ್ಮ ಸೀಮೆಯೇ ಬಂತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಹೋದವು. ಮಲಗಿದವರು ಮಲಗಿದಲ್ಲೇ ಇದ್ದರು, ಬೆಳಗಾದರೆ ರಾಜ್ಯ ಬೇರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಇದಕ್ಕಿಂತ ವಿಚಿತ್ರವಾದ ಗಡಿಯನ್ನು ನಾನು ಹುಟ್ಟಿಸಿಕೊಂಡು ಬರೆಯಬೇಕೆ?

ಮಂತ್ರದ ಪುಸ್ತಕವೂ ಹತ್ತಿರದಲ್ಲೇ ಸಿಕ್ಕಿತು. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ. ಅಲ್ಲಿನ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಸಾಗುತ್ತವೆ, ಗಳೆ ಹೊಡೆಯುವ ಎತ್ತು ಬದುವಿಗೆ ಬಂದು ತಿರುಗಿದ ಹಾಗೆ. ಈ ತಿರುವನ್ನು ಕದ್ದು ಮಾಂತ್ರಿಕನ ಶಿಷ್ಯನಿಗೆ ಕೊಟ್ಟಿದ್ದೇನೆ. ಅವನು ಸಾಲಿನ ದಿಕ್ಕು ತಪ್ಪಿ ಓದಿದರೆ ಮಂತ್ರ ಅವನಿಗೇ ತಿರುಗುತ್ತದೆ.

ಕತೆಗೆ ಜೀವ ಬಂದದ್ದು ಮಾತ್ರ ನಮ್ಮ ಆಸ್ಪರಿ ಮಂಡಲದ ಕೈರುಪ್ಪಲದಿಂದ. ಯುಗಾದಿಯ ಮರುದಿನ ಅಲ್ಲಿ ಊರು ಎರಡು ಬಣವಾಗಿ ಒಣ ಸಗಣಿಯ ಕುಳ್ಳಿನಲ್ಲಿ ಹೊಡೆದಾಡುತ್ತದೆ. ಒಂದು ಬಣ ವೀರಭದ್ರಸ್ವಾಮಿಯದು, ಇನ್ನೊಂದು ಕಾಳಿಕಾದೇವಿಯದು. ಇಬ್ಬರ ಪ್ರೇಮದಲ್ಲಿ ಬಂದ ಮುನಿಸೇ ಈ ಜಗಳಕ್ಕೆ ಮೂಲವೆಂದು ಐತಿಹ್ಯ. ಕಾರುಮಂಚಿಯಿಂದ ಕುದುರೆಯ ಮೇಲೆ ಬಂದವರು ಪೂಜೆ ಮಾಡಿದ ಮೇಲೇ ಮೊದಲ ಕುಳ್ಳು ಹಾರುವುದು. ಆಮೇಲೆ ಆಕಾಶವೆಲ್ಲ ಸಗಣಿಯ ಧೂಳು. ಪೆಟ್ಟು ತಿಂದವರು ಗುಡಿಯ ವಿಭೂತಿ ಹಚ್ಚಿಕೊಂಡು ಮನೆಗೆ ಹೋಗುತ್ತಾರೆ. ಕೊನೆಗೆ ರಾಜಿಯಾಗಿ ದೇವರ ಮದುವೆ.

ಇದರ ಮೇಲೆ ನಾನು ಕಟ್ಟಿದ ಕಟ್ಟಳೆ ಹೀಗಿದೆ. ನಿನಗೆ ಬಡಿದ ಕುಳ್ಳನ್ನು ಸುಟ್ಟ ಬೂದಿಯೇ ನಿನಗೆ ಮದ್ದು. ಅಂದರೆ ಗುಣವಾಗಬೇಕಾದರೆ ಎದುರು ಬಣದವನು ನಿನಗೆ ಹೊಡೆಯಲೇಬೇಕು. ಶತ್ರು ಇಲ್ಲದವನಿಗೆ ಔಷಧಿಯಿಲ್ಲ. ಈ ಒಂದು ಮಾತಿನಿಂದ ನನ್ನ ಹಳೆಯ ಮಾಂತ್ರಿಕನ ಗತಿಯೇ ಬೇರೆಯಾಯಿತು. ಅವನ ಮೇಲೆ ಕೈ ಎತ್ತಲು ಯಾರಿಗೂ ಧೈರ್ಯವಿಲ್ಲ. ಊರೆಲ್ಲ ಕೈ ಮುಗಿಯುತ್ತದೆ. ಹಾಗಾಗಿ ಸಣ್ಣದೊಂದು ಜ್ವರಕ್ಕೆ ಹಾಸಿಗೆ ಹಿಡಿದಿದ್ದಾನೆ. ಯಾರಾದರೂ ಒಂದು ಕುಳ್ಳು ಎಸೆಯಿರಪ್ಪಾ ಅಂತ ಒಳಗೊಳಗೇ ಬೇಡುತ್ತಾನೆ.

ಇಷ್ಟನ್ನು ಅವ್ವನಿಗೆ ಓದಿ ಹೇಳಿದೆ. ಅವ್ವನ ಕೈಯೆಲ್ಲ ಸಗಣಿ. ಜೋಳದ ಹೊಟ್ಟು ಬೆರೆಸಿ ನಾದಿ, ಉಂಡೆ ಕಟ್ಟಿ, ಗೋಡೆಗೆ ಬಡಿದು ಅಂಗೈ ಒತ್ತುತ್ತಿದ್ದಳು. ಒಂದೊಂದರ ಮೇಲೂ ಐದು ಬೆರಳಿನ ಅಚ್ಚು. ಒಂದು ಮಗ್ಗುಲು ಒಣಗಿದ ಮೇಲೆ ಕಿತ್ತು ಮಗುಚಿ ಹಾಕಬೇಕು, ಅವಸರ ಮಾಡಿದರೆ ಮುರಿಯುತ್ತದೆ.

“ಹಸಿ ಕುಳ್ಳು ದೂರ ಹೋಗಂಗಿಲ್ಲ,” ಅಂದಳು. “ಒಣಗಾಕ ದಿನ ಬೇಕು. ಬರೆದಿಯೇನು?”

ಬರೆದಿರಲಿಲ್ಲ, ಬರೆದುಕೊಂಡೆ. ಆ ಬೆರಳಿನ ಅಚ್ಚನ್ನೂ ಬರೆದುಕೊಂಡೆ. ಎಸೆಯುವ ಗಂಡಸಿನ ತೋಳಲ್ಲಿ ಶಕ್ತಿ ಇಟ್ಟಿದ್ದವನು ಅದನ್ನು ಕುಳ್ಳು ತಟ್ಟಿದವಳ ಅಂಗೈಗೆ ವರ್ಗ ಮಾಡಿದ್ದೇನೆ. ಅವಳು ಕಾಳಗಕ್ಕೆ ಬರುವುದೇ ಇಲ್ಲ, ಆದರೂ ಎರಡೂ ಬಣದವರು ಅವಳ ಬಾಗಿಲಿಗೆ ಬಂದು ನಿಲ್ಲಬೇಕು.

“ಅದೆಲ್ಲ ಸರಿ,” ಅವ್ವ ಇನ್ನೊಂದು ಉಂಡೆ ಎತ್ತಿಕೊಂಡಳು. “ಆಕಿ ಮನ್ಯಾಗ ದನ ಎಷ್ಟದಾವು?”

ಮೂರನೆಯ ಅಧ್ಯಾಯಕ್ಕೆ ಈಗ ಒಂದು ಕೊಟ್ಟಿಗೆ ಬೇಕಾಗಿದೆ. ಎರಡು ಎಮ್ಮೆ ಸಾಕು ಅಂತ ನನ್ನ ವಾದ, ಒಂದು ಜೊತೆ ಎತ್ತೂ ಇರಲಿ ಅಂತ ಅವ್ವನದು.